ಕೇಳದೆ ಬಿಟ್ಟ ಬಾಗಿಲು

ನನ್ನ ತಂಗಿಯ ಮದುವೆಗೆ ಬೀದಿ ಕೇಳಬೇಕಾದವನು ನಾನು. ಎಲ್ಲ ಮನೆಗಳಲ್ಲೂ ಕೇಳಿದೆ, ಎದುರುಮನೆಯಲ್ಲಿ ಮಾತ್ರ ಕೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಆ ತಪ್ಪನ್ನು ತಂಗಿ ತನ್ನದೆಂದು ಹೇಳಿಕೊಂಡಾಗ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದೆನಲ್ಲ, ಅದು ಇನ್ನೂ ದೊಡ್ಡ ತಪ್ಪು.

ಬೀದಿ ಕೇಳುವುದು ಎಂದರೆ ಏನೆಂದು ಮೊದಲು ಹೇಳಬೇಕು. ಉಡುಮಲೈಪೇಟೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ನಮ್ಮ ಊರು. ಸುತ್ತ ತೆಂಗಿನ ತೋಟ, ಕಡಲೆಕಾಯಿ ಹೊಲ. ನಡುವೆ ನಮ್ಮದೊಂದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಓದಿದ್ದು ಐದನೆಯ ಕ್ಲಾಸಿನ ತನಕ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕೂಡಿಸಲು ಕಲಿತದ್ದು ಮೀಸೆ ನರೆತ ಮೇಲೆ. ಬೀದಿಯ ಒಂದು ತುದಿಯಲ್ಲಿ ಚೌಡಮ್ಮನ ಗುಡಿ, ಇನ್ನೊಂದು ತುದಿಯಲ್ಲಿ ನಮ್ಮ ಮನೆ. ನಡುವಿನ ಉದ್ದನೆಯ ಮಣ್ಣಿನ ನೆಲವೇ ನಮಗೆ ದಾರಿ, ಅದೇ ಕೆಲಸದ ಜಾಗ.

ಮಗ್ಗಕ್ಕೆ ಏರಿಸುವ ಮುಂಚೆ, ಬಟ್ಟೆಯ ಉದ್ದಕ್ಕೆ ಓಡುವ ಹಾಸಿನ ನೂಲಿಗೆ ಗಂಜಿ ಹಾಕಬೇಕು. ಹಾಸನ್ನು ನಾವು ಪಾವು ಅನ್ನುತ್ತೇವೆ. ಅಷ್ಟು ಉದ್ದದ ಪಾವು ಹರಡಲು ಮನೆಯೊಳಗೆ ಜಾಗವೆಲ್ಲಿ? ಬೆಳಕು ಹರಿಯುತ್ತಿದ್ದ ಹಾಗೆ ಬೀದಿಯ ನಡುವೆ ಎಳೆದು ಎರಡು ತುದಿಗಳನ್ನೂ ನೆಟ್ಟ ಕಲ್ಲುಗಳಿಗೆ ಬಿಗಿಯುತ್ತಿದ್ದೆವು. ಅಕ್ಕಿಗಂಜಿ ಸವರಿ, ಅತ್ತ ಒಬ್ಬರು ಇತ್ತ ಒಬ್ಬರು ದೊಡ್ಡ ಕುಂಚ ಹಿಡಿದು, ಎಳೆಗೆ ಎಳೆ ಅಂಟದ ಹಾಗೆ ಉಜ್ಜುತ್ತಾ ನಡೆಯುತ್ತಿದ್ದೆವು. ಒಮ್ಮೆ ಗಂಜಿ ಹಾಕಿದರೆ ಒಣಗುವ ತನಕ ಕೈ ಬಿಡುವಂತಿಲ್ಲ. ಬಿಟ್ಟರೆ ನೂಲೆಲ್ಲ ಅಂಟಿ ಹಗ್ಗವಾಗುತ್ತದೆ. ಹಸಿ ಇರುವಾಗ ಧೂಳೆದ್ದರೂ ಪಾವು ಹೋದಂತೆಯೇ.

ಹಾಗಾಗಿ ಬೆಳಗ್ಗೆ ಬೀದಿ ಪಾವಿನದು, ಬಿಸಿಲೇರಿದ ಮೇಲೆ ಮನುಷ್ಯರದು. ಮೆಣಸಿನಕಾಯಿ ಒಣಗಿಸುವವರು ತಮ್ಮ ಸರದಿಗೆ ಕಾಯಬೇಕು. ಪಾವಿನ ಕೆಳಗೆ ಕೋಳಿ ನುಗ್ಗಿದರೆ ಕೋಳಿ ಸಾಕಿದವರಿಗೆ ಬೈಗುಳ. ಗುಡಿಯ ಜಗಲಿ ಬೆಳಗ್ಗೆ ಮುದುಕರಿಗೆ, ಮಧ್ಯಾಹ್ನ ನಿದ್ದೆಗೆ, ಸಂಜೆ ಹೆಂಗಸರಿಗೆ. ಗಾಂಧಿಪುರಂನಿಂದ ಸೀರೆ ನೋಡಲು ಸ್ಕೂಟರಿನಲ್ಲಿ ಬರುತ್ತಿದ್ದ ವ್ಯಾಪಾರಿಯೊಬ್ಬನಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. "ಇದು ರೋಡಾ, ಫ್ಯಾಕ್ಟರಿಯಾ?" ಎಂದು ತಮಿಳಿನಲ್ಲಿ ಕೇಳುತ್ತಿದ್ದ.

"ಬಿಸಿಲು ಬರೋ ತಂಕ ಫ್ಯಾಕ್ಟರಿ, ಆಮೇಲೆ ರೋಡು. ಈಗ ಗಾಡಿ ಆಫ್ ಮಾಡಿ ತಳ್ಳಿಕೊಂಡು ಬನ್ನಿಂಗ" ಎಂದು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದವನು ಎದುರುಮನೆ ಮಾವ. ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅವನು ಮಾವ. ಬೀದಿಯ ಕಟ್ಟಳೆಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು.

ಮದುವೆಗೋ ಹೆಸರಿಡುವುದಕ್ಕೋ ಯಾರಿಗಾದರೂ ಬೆಳಗಿನ ಹೊತ್ತು ಬೀದಿ ಬೇಕೆಂದರೆ ಕುಂಕುಮದ ತಟ್ಟೆ ಹಿಡಿದು ಮನೆಮನೆಗೂ ಹೋಗಬೇಕು. "ಇಂಥ ದಿನ ನಮಗೆ ಬೀದಿ ಕೊಡಿ" ಅನ್ನಬೇಕು. ಅವರು ಕುಂಕುಮ ಇಟ್ಟುಕೊಂಡು "ಕೊಟ್ಟೆವು" ಅನ್ನಬೇಕು. ಇಲ್ಲ ಎಂದವರನ್ನು ನಾನು ಕಂಡಿಲ್ಲ. ಕೇಳದೆ ತೆಗೆದುಕೊಂಡವರನ್ನೂ ಕಂಡಿಲ್ಲ. ಬೀದಿ ಯಾರೊಬ್ಬರದೂ ಅಲ್ಲ, ಅದಕ್ಕೇ ಎಲ್ಲರೂ ಕೊಡಬೇಕು.

ನಮ್ಮ ಮನೆಯ ಪರವಾಗಿ ಈ ಕೆಲಸ ಮಾಡುತ್ತಿದ್ದವಳು ತಂಗಿ. ಚಿಕ್ಕಂದಿನಿಂದ ಅವಳಿಗೆ ಅದೆಂದರೆ ಪ್ರಾಣ. ತಟ್ಟೆ ಹಿಡಿದು ಹೊರಟಳೆಂದರೆ ಒಂದು ಮನೆಯಲ್ಲಿ ಮಜ್ಜಿಗೆ, ಇನ್ನೊಂದು ಮನೆಯಲ್ಲಿ ಮುರುಕು, ಮತ್ತೊಂದು ಮನೆಯಲ್ಲಿ ಅತ್ತೆ ಸೊಸೆಯರ ಜಗಳಕ್ಕೆ ಪಂಚಾಯ್ತಿ. ತಿರುಗಿ ಬರುವಷ್ಟರಲ್ಲಿ ಬೀದಿಯ ಸುದ್ದಿಯೆಲ್ಲ ಅವಳ ಸೆರಗಿನಲ್ಲಿ. "ಹೋದದ್ದು ಬೀದಿ ಕೇಳೋಕಾ, ಬೀದೀನ ತಿನ್ನೋಕಾ?" ಎಂದು ಅಮ್ಮ ರೇಗಿಸುತ್ತಿದ್ದಳು.

ಆದರೆ ತನ್ನ ಮದುವೆಗೆ ತಾನೇ ಬೀದಿ ಕೇಳುವ ಪದ್ಧತಿ ಇಲ್ಲ. ಅಮ್ಮನಿಗೆ ಮೊಣಕಾಲು ನೋವು, ಅಪ್ಪ ಇರಲಿಲ್ಲ. ತಟ್ಟೆ ನನ್ನ ಕೈಗೆ ಬಂತು.

ಅದಕ್ಕೆ ಸ್ವಲ್ಪ ದಿನ ಮುಂಚೆ ನಾನು ಹೊಸ ಸೈಕಲ್ ತಂದಿದ್ದೆ. ಹ್ಯಾಂಡಲಿಗೆ ಬಣ್ಣದ ಕುಚ್ಚು ಕಟ್ಟಿ, ಎಲ್ಲರಿಗೂ ಕಾಣಲಿ ಎಂದು ಪಾವು ಬಿಗಿಯುವ ಕಲ್ಲಿಗೆ ಒರಗಿಸಿ ನಿಲ್ಲಿಸಿದ್ದೆ. ಆ ಗಾಂಧಿಪುರಂ ವ್ಯಾಪಾರಿ ಜಗಲಿಯ ಮೇಲೆ ಕೂತಿದ್ದಾಗಲೇ ಮಾವ ಬಂದ.

"ಯಾರ್ದುಡಾ ಈ ಕುದುರೆ? ಕಲ್ಲು ಇರೋದು ಪಾವು ಕಟ್ಟೋಕೆ. ಕುದುರೇನ ನಿಮ್ಮನೆ ಕಂಬಕ್ಕೆ ಕಟ್ಟು. ಹುಲ್ಲೂ ಹಾಕು, ಸೊರಗಿದೆ."

ವ್ಯಾಪಾರಿಗೆ ಕನ್ನಡ ಬರದಿದ್ದರೂ ನಕ್ಕ. ಬೀದಿಯೂ ನಕ್ಕಿತು. ಈಗ ನೆನೆದರೆ ನನಗೂ ನಗು ಬರುತ್ತದೆ. ಆಗ ಬರಲಿಲ್ಲ. ಬೀದಿ ಕೇಳುತ್ತಾ ಎದುರುಮನೆಯ ಹೊಸಿಲ ತನಕ ಹೋದವನು ತಿರುಗಿಬಿಟ್ಟೆ. ಅಮ್ಮ ಆಗಲೇ ಅವರನ್ನು ಮದುವೆಗೆ ಕರೆದಿದ್ದಳು. ಮದುವೆಗೆ ಬರುವವನಿಗೆ ಮದುವೆ ಇದೆಯೆಂದು ಗೊತ್ತಿರುವುದಿಲ್ಲವೇ, ಅವನನ್ನು ಬೇರೆ ಕೇಳಬೇಕೇ ಎಂದು ಮನಸ್ಸಿಗೆ ನೆಪ ಹೇಳಿದೆ. ಮನೆಗೆ ಬಂದು "ಎಲ್ಲ ಕೇಳಿ ಆಯ್ತು" ಎಂದೆ. ತಂಗಿ ತಟ್ಟೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ತಟ್ಟೆ ತೆಗೆದು ಒಳಗಿಟ್ಟಳು.

ಗಂಡಿನ ಕಡೆಯವರು ಮಡತ್ತುಕುಳಂ ಕಡೆಯ ನೇಕಾರರು. ಹಿಂದಿನ ದಿನವೇ ಬಂದು ಗುಡಿಯ ಮಂಟಪದಲ್ಲಿ ಇಳಿದಿದ್ದರು. ಅಲ್ಲಿಂದ ಬೀದಿಯುದ್ದಕ್ಕೂ ಮೆರವಣಿಗೆಯಲ್ಲಿ ನಮ್ಮ ಚಪ್ಪರಕ್ಕೆ ಬರಬೇಕು. ಮದುವೆಯ ಬೆಳಗ್ಗೆ ನಾನು ಹಿತ್ತಿಲಿನಲ್ಲಿ ಅಡುಗೆಯವರ ಹತ್ತಿರ ಇದ್ದೆ. ಮುಂದಕ್ಕೆ ಬಂದು ನೋಡಿದರೆ ಚಪ್ಪರದ ಬಾಗಿಲಿನಿಂದ ಗುಡಿಯ ಹತ್ತಿರದ ತನಕ ಪಾವು ಹರಡಿದೆ. ಗಂಜಿ ಆಗಲೇ ಸವರಿ ಆಗಿದೆ. ಅತ್ತ ಮಾವ, ಇತ್ತ ಅವನ ಹೆಂಡತಿ, ಕುಂಚ ಹಿಡಿದು ನಡೆಯುತ್ತಿದ್ದಾರೆ.

"ಮಾವ, ಏನು ಮಾಡ್ತಿದ್ದೀಯ? ಇವತ್ತು ಮದುವೆ."

"ಗೊತ್ತುಡಾ. ಮುಹೂರ್ತಕ್ಕೆ ಬರ್ತೀನಿ. ಉಡೋಕೆ ಹೊಸ ವೇಷ್ಟಿ ತೆಗೆದಿಟ್ಟಿದ್ದೀನಿ."

"ಬೀದಿ?"

"ಬೀದಿ ನೀನು ಕೇಳ್ಲಿಲ್ವಲ್ಲ. ಗುಡಿ ಹಿಂದಿನ ದಾರೀಲಿ ಬರ್ತಾರೆ ಅಂದ್ಕೊಂಡೆ. ಮದುವೆಗೆ ಕರೆಯೋದು ಬೇರೆ, ಬೀದಿ ಕೇಳೋದು ಬೇರೆ."

ಅವನು ಕೊಂಕಿನಿಂದ ಹೇಳಲಿಲ್ಲ. ಅವನ ಲೆಕ್ಕದಲ್ಲಿ ಅದು ಹಾಗೆಯೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ತುದಿಯಲ್ಲಿ ನಾಗಸ್ವರ ಶುರುವಾಯಿತು. ಶುರುವಾದದ್ದು ತಟ್ಟನೆ ನಿಂತಿತು. ಮುಂದೆ ಬರುತ್ತಿದ್ದ ಮುದುಕರೊಬ್ಬರು ಎರಡೂ ಕೈ ಚಾಚಿ ಮೆರವಣಿಗೆಯನ್ನು ತಡೆದಿದ್ದರು. "ಯಾರೂ ಕಾಲಿಡಬೇಡಿ, ಪಾವು ಹಸಿ ಇದೆ." ಬೇರೆ ಜನವಾಗಿದ್ದರೆ ಜಗಳವಾಗುತ್ತಿತ್ತು. ಇವರು ನೇಕಾರರು, ಹಸಿ ಪಾವಿನ ಮುಂದೆ ಅವರ ಕಾಲು ತಾನಾಗಿಯೇ ನಿಂತಿತು.

ಗಂಡಿನ ತಾಯಿ ಮಾತ್ರ ಗೋಡೆಯ ಅಂಚಿನಲ್ಲಿ ಮೆಲ್ಲಗೆ ಹೆಜ್ಜೆಯಿಟ್ಟು ನಮ್ಮ ಚಪ್ಪರಕ್ಕೆ ಬಂದರು.

"ಏನುಂಗ ಇದು? ಬೀದಿ ಕೇಳೋಕೆ ಹೋದೋರು ಯಾರು?"

ಎಲ್ಲರ ಕಣ್ಣೂ ನನ್ನ ಮೇಲೆ. ಆಗ ಬಾಗಿಲ ಹಿಂದಿನಿಂದ, ಮದುವೆ ಸೀರೆ ಉಟ್ಟ ತಂಗಿಯ ದನಿ ಬಂತು.

"ಪದ್ಧತಿ ಇಲ್ದಿದ್ರೂ ಎದುರುಮನೆಗೆ ನಾನೇ ಹೋಗ್ತೀನಿ ಅಂತ ಅಣ್ಣನ ಹತ್ರ ಹೇಳಿದ್ದೆ. ಮರ್ತುಬಿಟ್ಟೆ ಅತ್ತೆ."

"ಚೆನ್ನಾಗಿದೆ" ಎಂದರು ಅತ್ತೆ. "ಬೀದೀನೇ ಮರೆಯೋಳು ಮನೆ ಹೇಗೆ ನೆನಪಿಟ್ಕೋತೀಯ?"

ಅಲ್ಲಿ ನಾನು "ಅವಳಲ್ಲ, ನಾನು" ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಆಮೇಲೆ ನಡೆದದ್ದನ್ನು ನಮ್ಮ ಬೀದಿ ಇಂದಿಗೂ ಹೇಳಿಕೊಂಡು ನಗುತ್ತದೆ. ಮಾವನ ಹೆಂಡತಿ ಗಾಬರಿಯಲ್ಲಿ ಕುಂಚ ಕೆಳಗಿಟ್ಟಿದ್ದಳು. ಒಂದು ಕಡೆ ಉಜ್ಜುವವರಿಲ್ಲದೆ ಎಳೆಗಳು ಅಂಟತೊಡಗಿದ್ದವು. ಮದುವಣಿಗ ಚಪ್ಪಲಿ ಬಿಟ್ಟು, ಹೂಮಾಲೆ ಬಿಚ್ಚಿ ತನ್ನ ಚಿಕ್ಕಪ್ಪನ ಕೊರಳಿಗೆ ಹಾಕಿ, ಬಂದು ಕುಂಚ ಎತ್ತಿಕೊಂಡ. ಅದನ್ನು ನೋಡಿ ಹೆಂಗಸರು ಕೊಡಗಳಲ್ಲಿ ನೀರು ತಂದು, ಧೂಳೇಳದ ಹಾಗೆ ಗೋಡೆಯಂಚಿಗೆಲ್ಲ ಚಿಮುಕಿಸಿದರು. ನಾಗಸ್ವರದವರು ಗುಡಿಯ ಜಗಲಿಯ ಮೇಲೆ ಕೂತು "ಪಾವಿಗೂ ಮದುವೆ ಆಗ್ಲಿ ಬಿಡಿ" ಎಂದು ಮತ್ತೆ ಊದಲು ಶುರುಮಾಡಿದರು. ಪುರೋಹಿತರು ಚಪ್ಪರದಿಂದ ಆಗಾಗ ಕತ್ತು ಹೊರಗೆ ಹಾಕಿ ಬಿಸಿಲನ್ನು ನೋಡುತ್ತಿದ್ದರು.

ಅಂಟಿದ್ದನ್ನು ಬಿಡಿಸುವಾಗ ಕೆಲವು ಎಳೆ ಹರಿದವು. ಹರಿದ ಎಳೆ ಕಟ್ಟುವುದರಲ್ಲಿ ತಂಗಿಯನ್ನು ಮೀರಿಸುವವರು ಬೀದಿಯಲ್ಲೇ ಇರಲಿಲ್ಲ. ಮಾವ ಅವಳನ್ನೇ ಕೂಗಿದ. "ಅಮ್ಮಣಿ, ಬಾ ಇಲ್ಲಿ. ನಿನ್ನ ಬೆರಳು ಬೇಕು." ಅವಳು ಸೆರಗು ಸಿಕ್ಕಿಸಿ, ಬಳೆ ಮೇಲಕ್ಕೇರಿಸಿ ಬಂದಳು. ಪಾವಿನ ಆ ಕಡೆ ಮದುವಣಿಗ, ಈ ಕಡೆ ಇವಳು. ಇಬ್ಬರೂ ಮಾತಾಡಿದ್ದು ಅದೇ ಮೊದಲು.

"ಅಲ್ಲೊಂದು ಎಳೆ ಹೋಗಿದೆ" ಎಂದ ಅವನು.

"ಕಣ್ಣು ಪಾವಿನ ಮೇಲಿರ್ಲಿ" ಎಂದಳು ಇವಳು.

"ಪಾವಿನ ಮೇಲೇ ಇತ್ತು. ಅದ್ಕೇ ಎಳೆ ಕಾಣ್ಸಿದ್ದು."

"ಮಾಪ್ಳೆ" ಎಂದ ಮಾವ ಮದುವಣಿಗನಿಗೆ, "ಆಗ್ಲಿಂದ ಒಂದೇ ಜಾಗ ಉಜ್ಜುತ್ತಿದ್ದೀರಿ. ನೂಲು ಸವೆದುಹೋಗುತ್ತೆ, ಮುಂದಕ್ಕೆ ನಡೀರಿ."

ಬೀದಿಯೆಲ್ಲ ನಕ್ಕಿತು. ಪಾವು ಒಣಗಿ ಸುತ್ತಿ ಒಳಗೆ ಹೋಯಿತು. ಮುಹೂರ್ತ ಮೀರಲಿಲ್ಲ. ಹೊಸ ವೇಷ್ಟಿ ಉಟ್ಟ ಮಾವನೇ ಮೆರವಣಿಗೆಯ ಮುಂದೆ ನಡೆದ, ಮೊಣಕೈ ತನಕ ಗಂಜಿ ಮೆತ್ತಿಕೊಂಡೇ. ಮಧ್ಯಾಹ್ನ ಅದೇ ನೆಲದ ಮೇಲೆ ಚಾಪೆ ಹಾಸಿ, ಎಲೆ ಹಾಕಿ, ಎಲ್ಲರೂ ಉಂಡರು. ಅಷ್ಟು ಸಂತೋಷದ ಮದುವೆ ನಮ್ಮ ಕಡೆ ಮತ್ತೊಂದು ನಡೆಯಲಿಲ್ಲ. ನಾನು ಮಾತ್ರ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮಡತ್ತುಕುಳಂ ಕಡೆಯ ಅವರ ಬೀದಿಯಲ್ಲೂ ಇದೇ ಪದ್ಧತಿ. ಅಲ್ಲಿ ತಟ್ಟೆ ಹಿಡಿಯುವುದು ಹಿರಿಸೊಸೆಯ ಹಕ್ಕು. ನನ್ನ ತಂಗಿ ಹಿರಿಸೊಸೆ. ಆದರೆ ತಟ್ಟೆ ಅವಳ ಕೈಗೆ ಬರಲೇ ಇಲ್ಲ. "ಇವಳಿಗೆ ಬೇಡ, ದಾರೀಲೇ ಒಂದು ಮನೆ ಬಿಟ್ಟು ಬರ್ತಾಳೆ" ಎಂದು ಅತ್ತೆ ಕಿರಿಸೊಸೆಗೆ ಕೊಡುತ್ತಿದ್ದರು. ತಮಾಷೆಯಾಗಿಯೇ ಹೇಳುತ್ತಿದ್ದರು, ಆದರೆ ಒಮ್ಮೆಯೂ ಕೊಡಲಿಲ್ಲ. ತಂಗಿ ಬಾಗಿಲಲ್ಲಿ ನಿಂತು, ತಟ್ಟೆ ಒಂದೊಂದೇ ಮನೆ ದಾಟುವುದನ್ನು ನೋಡುತ್ತಿದ್ದಳಂತೆ. ಇದನ್ನು ಹೇಳಿದ್ದು ಅವಳಲ್ಲ, ಅವಳ ಗಂಡ. "ಅವಳಿಗೆ ಒಡವೆ ಬೇಡ, ಸಿನಿಮಾ ಬೇಡ. ಬೀದಿ ಸುತ್ತೋದು ಒಂದೇ ಆಸೆ. ಅದೇ ಸಿಗಲಿಲ್ಲ" ಎಂದ, ನಗುತ್ತಲೇ. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅವಳ ಮಗುವಿಗೆ ಕಿವಿ ಚುಚ್ಚುವುದಕ್ಕೆ ದಿನ ಗೊತ್ತಾಯಿತು. ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸಿ ಚುಚ್ಚುವುದು ವಾಡಿಕೆ. ಅಂದರೆ ನನ್ನ ತೊಡೆಯ ಮೇಲೆ. ಹಿಂದಿನ ದಿನವೇ ಹೋದೆ. ನಾನು ಕೂರುವ ಮೊದಲೇ ಅತ್ತೆ ಕುಂಕುಮದ ತಟ್ಟೆ ತಂದು ಕಿರಿಸೊಸೆಯನ್ನು ಕರೆದರು. ಕರೆದವರು ನನ್ನ ಕಡೆ ತಿರುಗಿ, "ನಿನ್ನ ತಂಗಿಯ ಮಗುವಿಗೇ ಆದ್ರೂ ನಿನ್ನ ತಂಗೀನ ನಂಬೋ ಹಾಗಿಲ್ಲಪ್ಪಾ" ಎಂದು ನಕ್ಕರು. ತಂಗಿಯೂ ನಕ್ಕಳು. ಅವಳ ತೊಡೆಯ ಮೇಲಿದ್ದ ಮಗುವೂ ಸುಮ್ಮನೆ ನಕ್ಕಿತು. ನಾಳೆ ಈ ಮಗುವನ್ನು ಹಿಡಿದುಕೊಳ್ಳುವ ಮಾನ ನನಗೆ, ಅದರ ತಾಯಿಗೆ ಬಾಗಿಲಲ್ಲಿ ನಿಲ್ಲುವ ಪಾಡು.

"ಅತ್ತೆ, ತಟ್ಟೆ ಅವಳಿಗೆ ಕೊಡಿ" ಎಂದೆ. "ಅವಳು ಯಾವ ಮನೇನೂ ಮರೀಲಿಲ್ಲ. ಎದುರುಮನೆಗೆ ಹೋಗಬೇಕಾದವನು ನಾನು. ಮಾವ ನನ್ನ ಸೈಕಲ್ಲಿಗೆ ಏನೋ ಅಂದ ಅಂತ ಕೋಪ. ಹೊಸಿಲ ತಂಕ ಹೋಗಿ ತಿರುಗಿ ಬಂದೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸೈಕಲ್ಲಿಗಾ?"

"ಕುದುರೆ ಅಂದ. ಸೊರಗಿದೆ ಅಂದ."

ಮೊದಲು ನಕ್ಕವನು ತಂಗಿಯ ಗಂಡ. ಅತ್ತೆ ತಡೆದುಕೊಳ್ಳಲು ನೋಡಿ ಆಗದೆ ಸೆರಗು ಬಾಯಿಗೆ ಹಿಡಿದರು. ನಗು ನಿಂತ ಮೇಲೆ ತಂಗಿಯ ಕಡೆ ತಿರುಗಿ, "ನೀನ್ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?" ಎಂದು ಕೇಳಿದರು.

"ಅಪ್ಪ ಇಲ್ದ ಮನೆ ಅತ್ತೆ. ಅವತ್ತು ಅಪ್ಪನ ಜಾಗದಲ್ಲಿ ನಿಂತಿದ್ದೋನು ಅಣ್ಣ. ಅವನು ತಲೆ ತಗ್ಗಿಸ್ಕೊಂಡು ನನ್ನ ಧಾರೆ ಎರೆಯೋದು ನಂಗೆ ಬೇಡ ಅನ್ನಿಸ್ತು."

ಅತ್ತೆ ಎದ್ದು ಅವಳ ತೊಡೆಯಿಂದ ಮಗುವನ್ನು ಎತ್ತಿಕೊಂಡು, ಆ ಜಾಗದಲ್ಲಿ ತಟ್ಟೆ ಇಟ್ಟರು. "ಹೋಗು ನನ್ನ ಕಣ್ಣು. ಎಲ್ಲಾ ಮನೇಲೂ ಕೇಳು. ಎಷ್ಟು ಹೊತ್ತಾದ್ರೂ ಆಗ್ಲಿ."

ತಂಗಿ ತಲೆ ಬಾಚಲೂ ನಿಲ್ಲಲಿಲ್ಲ. ತಟ್ಟೆ ಹಿಡಿದು ಎದ್ದವಳು ಹೊಸಿಲ ಹತ್ತಿರ ನನ್ನ ಮುಂದೆ ನಿಂತಳು. ಮದುವೆಗೆ ಮುಂಚೆ ತಟ್ಟೆ ಹಿಡಿದು ಹೊರಡುವಾಗ ಇರುತ್ತಿದ್ದ ಅದೇ ಮುಖ. "ಕುದುರೆ ಹುಷಾರಾಗಿದೆಯಾ ಅಣ್ಣ?" ಎಂದಳು.

ನಮ್ಮಲ್ಲಿ ಅಣ್ಣಂದಿರು ತಂಗಿಯರಿಗೆ ಆಶೀರ್ವಾದ ಮಾಡುತ್ತಾರೆ, ಸೀರೆ ಕೊಡುತ್ತಾರೆ, ಗದರುತ್ತಾರೆ. ಆಗ ನಾನು ಆಡಿದ ಮಾತನ್ನು ಯಾವ ಅಣ್ಣನೂ ಆಡಿದ್ದು ನಾನು ಕೇಳಿಲ್ಲ. ಅವಳ ಅತ್ತೆಯ ಮುಂದೆ, ಗಂಡನ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ತಪ್ಪು ನಂದು, ತಂಗಿ. ಅವತ್ತೇ ಹೇಳಬೇಕಿತ್ತು, ಹೇಳ್ಲಿಲ್ಲ. ನನ್ನ ಮನ್ನಿಸು."