ಎರಡನೇ ಕಲ್ಲು

ನಮ್ಮ ರೇವಣ್ಣ ಮೇಷ್ಟ್ರು ಬಲಗೈಯನ್ನು ಅಂಗಿಯೊಳಗೆ ತೂರಿಸಿ, ಎಡ ಎದೆಗೆ ಒತ್ತಿಕೊಂಡೇ ಕೊಳ್ಳೇಗಾಲದ ಬೀದಿಯಲ್ಲಿ ನಡೆಯುತ್ತಿದ್ದರು. ಕೊರಳ ಲಿಂಗವನ್ನು ಹಿಡಿದಿದ್ದಾರೆಂದು ತಿಳಿದ ಹೆಂಗಸರು ಪಕ್ಕಕ್ಕೆ ಸರಿದು, ‘ಎಂಥಾ ಭಕ್ತಿ!’ ಎಂದು ಕೈಮುಗಿಯುತ್ತಿದ್ದರು. ಮೇಷ್ಟ್ರು ಹಿಡಿದಿದ್ದದ್ದು ಲಿಂಗವನ್ನಲ್ಲ, ಗುಂಡಿಗೆಯನ್ನು. ಹತ್ತು ಹೆಜ್ಜೆಗೊಮ್ಮೆ ತಲೆ ಬಗ್ಗಿಸಿ, “ಅಪ್ಪಾ, ಇದ್ದೀಯಾ?” ಎಂದು ಅದನ್ನೇ ಕೇಳುತ್ತಿದ್ದರು.

ಶುರುವಾದದ್ದು ಶಾಲೆಯ ಮೆಟ್ಟಿಲ ಮೇಲೆ. ಗಂಟೆ ಹೊಡೆಯಿತೆಂದು ಎರಡೆರಡು ಮೆಟ್ಟಿಲು ಹಾರಿದಾಗ ಎದೆ ಡವಡವ ಎಂದಿತು. ಮೇಷ್ಟ್ರು ಅಲ್ಲೇ ಕುಳಿತರು. ಕುಳಿತವರು ಮೂರು ತಿಂಗಳು ರಜೆ ಹಾಕಿದರು. ಡಾಕ್ಟರು ಕೊಳವೆ ಇಟ್ಟು ಕೇಳಿ, “ಗುಂಡಿಗೆ ಗಟ್ಟಿಯಾಗಿದೆ. ಹೆದರಿರೋದು ನೀವು. ಹನೂರು ರಸ್ತೇಲಿ ಎರಡನೇ ಮೈಲಿಕಲ್ಲು ಮುಟ್ಟಿ ಬನ್ನಿ. ಮುಟ್ಟಿದ ದಿನ ಕೆಲಸಕ್ಕೆ ಸೇರೋಕೆ ಸರ್ಟಿಫಿಕೇಟ್ ಬರೀತೀನಿ” ಎಂದರು. ರಜೆ ಮುಗಿಯುವುದರೊಳಗೆ ಅದು ಕೈಗೆ ಬರದಿದ್ದರೆ ಕೆಲಸಕ್ಕೇ ಕುತ್ತು.

“ನಡದ್ರ ಈಗ್ಲೇ ಸಾಯ್ತೀನಿ, ನಡೀದಿದ್ರ ಆಮೇಲ ಸಾಯ್ತೀನಿ. ಯಾವ್ದು ವಾಸಿ ಏಳ್ಲಾ ಸಿದ್ದ?” ಎಂದರು ಮೇಷ್ಟ್ರು.

“ಆಮೇಲಿಂದೇ ವಾಸಿ ಸಾ. ಆದ್ರ ಅಲ್ಲೀಗಂಟ ಅಮ್ಮಾವ್ರು ನಿಮ್ಮನ್ನ ಮನೇಲಿ ಮಡಿಕಬೇಕಲ್ಲ!”

ಆ ಸಿದ್ದ ನಾನೇ; ಎಸ್ಸೆಸ್ಸೆಲ್ಸಿ ಮುಗಿಸಿ, ಊರವರನ್ನೆಲ್ಲ ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು. ಬಿದ್ದರೆ ಎತ್ತಲಿಕ್ಕೆ ಈ ಹಳೆಯ ಶಿಷ್ಯನನ್ನೇ ಕರೆದುಕೊಂಡು ಹೊರಟರು. ಜೇಬಿನಲ್ಲೊಂದು ಚೀಟಿ: ಹೆಸರು, ಬೀದಿ, ಅದರಡಿ ‘ಮಲಗಿಸಿಯೇ ಸಾಗಿಸುವುದು’. ಥೇಟ್ ಗಾಜಿನ ಸಾಮಾನಿನ ಪೆಟ್ಟಿಗೆ! ಪ್ರತಿ ಹುಣಸೆಮರದ ಕೆಳಗೂ ನಿಂತು ನಾಡಿ ಎಣಿಸುತ್ತಿದ್ದರು. ಯಾರಾದರೂ ಸೈಕಲ್ ಬೆಲ್ ಹೊಡೆದರೆ ಲೆಕ್ಕ ತಪ್ಪಿ, ಮತ್ತೆ ಒಂದರಿಂದ. ಒಂದನೇ ಕಲ್ಲು ಕಂಡದ್ದೇ ತಡ, “ಸಾಕು ಕಣ್ಲಾ, ಅತಿಯಾಸ ಒಳ್ಳೇದಲ್ಲ” ಎಂದು ತಿರುಗಿಬಿಡುತ್ತಿದ್ದರು.

ಒಂದು ಸಂಜೆ ಟೀ ಅಂಗಡಿಯಲ್ಲಿ ನಾನು ಇವರದೇ ಆಟ ಕಟ್ಟಿದ್ದೆ. ಎದೆ ಹಿಡಿದು ನಿಂತಲ್ಲೇ ಓಡಿದೆ, ತೇಕಿದೆ, ಕಣ್ಣು ಮೇಲೆ ಮಾಡಿದೆ. ಜನ ನಕ್ಕಷ್ಟೂ ಓಡಿದೆ. ಆಮೇಲೆ ನೋಡುತ್ತೇನೆ, ಅಂಗೈ ಕೆಳಗೆ ನನ್ನದೇ ಗುಂಡಿಗೆ ತಮಟೆ ಬಾರಿಸುತ್ತಿದೆ! ಬೆವರಿ ಬೆಂಚಿನ ಮೇಲೆ ಕುಸಿದೆ. ಇದೂ ಆಟವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರು ಮಾತ್ರ ಬಂದು ನನ್ನ ನಾಡಿ ಹಿಡಿದರು.

“ನೀ ಓಡ್ದೆ, ಅದೂ ನಿನ್ ಜೊತ ಓಡ್ತು. ಕೂತ್ಕ, ಅದೂ ಕೂತ್ಕತದ. ಯಾಕ್ಲಾ ಎದ್ರೀಯೆ?”

“ಇದ್ನ ನಿಮ್ಮೆದಗೂ ಒಸಿ ಏಳಿ ಸಾ” ಎಂದೆ.

“ಅದು ನನ್ ಮಾತ ಕೇಳಾಕಿಲ್ಲ ಕಣ್ಲಾ” ಎಂದರು. ಮುಖ ಸಣ್ಣಗಾಗಿತ್ತು. ರಜೆ ಇನ್ನು ಹದಿನೈದೇ ದಿನ ಉಳಿದಿತ್ತು.

ಆ ವಾರವೇ ಹನೂರು ರಸ್ತೆಯ ಮೈಲಿಕಲ್ಲುಗಳನ್ನು ಕಿತ್ತು ಕಿಲೋಮೀಟರ್ ಕಲ್ಲು ನೆಟ್ಟರು. ಹೊಸ ಎರಡನೇ ಕಲ್ಲು ಹಳೆಯ ಒಂದನೆಯದನ್ನು ದಾಟಿ ಸ್ವಲ್ಪ ದೂರ, ಅಷ್ಟೇ. ಮೇಷ್ಟ್ರು ಹೋದರು, ಮುಟ್ಟಿದರು, ಸುತ್ತ ಒಮ್ಮೆ ನೋಡಿದರು.

“ಎಲ್ಡನೇ ಕಲ್ಲು ಮುಟ್ಬುಟ್ಟೆ ಕಣ್ಲಾ!”

ಹೆತ್ತವ್ವನನ್ನೂ ಅಣಕಿಸದೆ ಬಿಡದ ನನ್ನ ನಾಲಗೆ ಎಷ್ಟು ತುರಿಸಿತೆಂದು ನನಗೇ ಗೊತ್ತು. ಆದರೆ ಅವರ ಕೈ ಅಂಗಿಯಿಂದ ಆಚೆ ಬಂದಿತ್ತು. ಬಾಯಿ ಮುಚ್ಚಿಕೊಂಡೆ. ಅಲ್ಲಿಂದ ನೇರ ಡಾಕ್ಟರಲ್ಲಿಗೆ ಓಡುತ್ತಾರೆಂದುಕೊಂಡರೆ, “ಆತುರ ಯಾಕ? ಇನ್ನೊಸಿ ದಿನ ನಡ್ಯನ” ಎಂದರು.

ಮರುದಿನದಿಂದ ಅವರು ಮುಂದೆ, ಎತ್ತಬೇಕಾದವನು ತೇಕುತ್ತಾ ಹಿಂದೆ. ಒಂಬತ್ತನೇ ದಿನ ಮೂರನೇ ಕಲ್ಲನ್ನೂ ದಾಟಿದರು. ಅಲ್ಲಿ ಹುಲ್ಲಿನಲ್ಲಿ, ಕಿತ್ತೆಸೆದ ಹಳೆಯ ಎರಡನೇ ಮೈಲಿಕಲ್ಲು ಅಂಗಾತ ಬಿದ್ದಿತ್ತು. ‘2’ ಆಕಾಶ ನೋಡುತ್ತಿತ್ತು. ಮೇಷ್ಟ್ರು ಹೆಗಲ ಟವಲ್ಲನ್ನು ಅದರ ಮೇಲೆ ಹಾಸಿ ಆರಾಮಾಗಿ ಕುಳಿತರು.

“ಯಾಕ್ಲಾ, ಮೊಕ ಅಂಗ್ ಮಾಡ್ಕಂಡಿದ್ದೀಯೆ?”

“ನೊಣ ನುಂಗ್ದೆ ಸಾ.”

ಆ ಸಂಜೆಯೇ ಡಾಕ್ಟರನ್ನು ಕಂಡು ಸರ್ಟಿಫಿಕೇಟ್ ತಂದರು. ಮುಂದಿನ ಸೋಮವಾರ ಶಾಲೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದರು.

ನಿವೃತ್ತರಾಗಿ ಯಳಂದೂರು ಸೇರಿದ್ದ ಅವರನ್ನು ನಾನು ಕೊನೆಯ ಸಲ ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಎರಡೂ ಕೈ ಬೀಸಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದರು. ಬಸ್ಸು ಹತ್ತುವ ಮುನ್ನ ತಡೆಯಲಾರದೆ ಬಾಯಿಬಿಟ್ಟೆ: “ಸಾ, ಅವತ್ತು ಕಲ್ಲು ಬದ್ಲಾಗಿತ್ತು. ನಾನು ಏಳ್ನಿಲ್ಲ.”

“ಗೊತ್ತಿತ್ತು ಕಣ್ಲಾ. ಟವಲ್ ಸುಮ್ಸುಮ್ನ ಆಸಿದ್ನಾ?”

ನಾನು ಜೋರಾಗಿ ನಗುವಷ್ಟರಲ್ಲಿ ಮೇಷ್ಟ್ರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಇನ್ನೊಂದು ಕೈಯ ಬೆರಳಿನಿಂದ ತಮ್ಮ ಎದೆ ತೋರಿಸಿ, ಪಿಸುಗುಟ್ಟಿದರು:

“ಮೆಲ್ಲಗ ನಗ್ಲಾ. ಇವನ್ಗ ಇನ್ನೂ ಗೊತ್ತಿಲ್ಲ.”