ಕೊಯ್ದ ಎಂಜಿನ್

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ನಾನು ಟರ್ನರ್ ಆಗಿದ್ದೆ. ಶಾಫ್ಟು, ಪುಲ್ಲಿ, ಬುಶ್ಶು, ವರ್ಷಗಟ್ಟಲೆ ಇವೇ. ಮುರಿದದ್ದನ್ನು ತರುತ್ತಿದ್ದರು, ಅದರಂತೆ ಇನ್ನೊಂದು ಮಾಡಿಕೊಡುತ್ತಿದ್ದೆ, ಒಯ್ಯುತ್ತಿದ್ದರು. ಅದು ಯಾವ ಯಂತ್ರದೊಳಗೆ ಹೋಗಿ ಕೂತಿತು, ಹೇಗೆ ತಿರುಗಿತು ಎಂದು ನೋಡಿದ್ದು ಕಡಿಮೆ. ಕೆಲಸ ಬಿಡುವ ಹೊತ್ತಿಗೆ ಒಂದು ಹಟ ಹುಟ್ಟಿತ್ತು. ಒಂದಾದರೂ ಯಂತ್ರವನ್ನು ಪೂರ್ತಿ ನಾನೇ ಮಾಡಬೇಕು, ಅದು ತಾನಾಗಿ ಓಡಬೇಕು.

ಭಾಗ್ಯನಗರದ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ, ಹಳೆಯದೊಂದು ಸಣ್ಣ ಲೇತ್ ತಂದಿಟ್ಟೆ. ಮಾಡಹೊರಟದ್ದು ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ದೊಡ್ಡ ಪೆಟ್ರೋಲ್ ಎಂಜಿನ್. ಹಿಂದೆ ಕುಕನೂರಿನ ಹಿಟ್ಟಿನ ಗಿರಣಿಯಲ್ಲಿ ಎರಡು ದೊಡ್ಡ ಗಾಲಿಗಳ ಎಂಜಿನ್ ಇತ್ತಲ್ಲ, ಅದರ ಮರಿ ಎನ್ನಿ. ಸಿಲಿಂಡರಿಗೆ ಗುಜರಿಯಿಂದ ಬೀಡುಕಬ್ಬಿಣದ ತುಂಡು ಸಿಕ್ಕಿತು. ಹಳೆಯ ಸ್ಕೂಟರಿನ ಪಿಸ್ಟನ್ ಕರಗಿಸಿ ನನ್ನ ಪಿಸ್ಟನ್ ಎರಕ ಹೊಯ್ದೆ. ಮೊದಲನೆಯದರಲ್ಲಿ ಗುಳ್ಳೆ ಬಿತ್ತು. ಎರಡನೆಯದನ್ನು ಲೇತಿನಲ್ಲಿ ಕೂದಲೆಳೆಯಷ್ಟು ಹೆಚ್ಚು ತೆಗೆದು ಕೆಡಿಸಿದೆ. ಪಿಸ್ಟನ್ನಿಗೆ ರಿಂಗುಗಳನ್ನು ತೊಡಿಸಲು ಹೋದರೆ ಬಿಸ್ಕತ್ತಿನಂತೆ ಮುರಿದವು. ವಾಲ್ವು ಕೂರುವ ಜಾಗದಲ್ಲಿ ಗಾಳಿ ಸೋರುತ್ತಿತ್ತು, ಎಷ್ಟು ಉಜ್ಜಿದರೂ ನಿಲ್ಲಲಿಲ್ಲ. ಬೇಸಿಗೆಯಲ್ಲಿ ತಗಡು ಕಾದು ತಲೆ ಸಿಡಿಯುತ್ತಿತ್ತು. ಊಟಕ್ಕೆ ಕರೆದು ಕರೆದು ಸಾಕಾಗಿ, ಹೆಂಡತಿ ತಟ್ಟೆ ಮುಚ್ಚಿಟ್ಟು ಮಲಗುತ್ತಿದ್ದಳು.

ಕೊನೆಗೆ ಒಂದು ಬೆಳಿಗ್ಗೆ, ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಅದು ಸಿಡಿಯಿತು. ನಿಂತಿತು. ಮತ್ತೆ ತಿರುಗಿಸಿದೆ. ಈ ಸಲ ನಿಲ್ಲಲಿಲ್ಲ. ಒಮ್ಮೆ ಸಿಡಿಯುವುದು, ಆ ಬಲದ ಮೇಲೆ ಕೆಲವು ಸುತ್ತು ಸುಮ್ಮನೆ ಉರುಳುವುದು, ವೇಗ ಇಳಿದಾಗ ಮತ್ತೆ ಸಿಡಿಯುವುದು. ಬಿಸಿ ಎಣ್ಣೆಯ ವಾಸನೆ ಶೆಡ್ಡೆಲ್ಲ ತುಂಬಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ನೋಡಿ, "ಅಂತೂ ಓಡ್ತಲ್ರಿ" ಎಂದಳು. ಒಲೆಯ ಮೇಲೆ ರೊಟ್ಟಿ ಇತ್ತು, ಹೋದಳು. ನಾನು ಪೆಟ್ರೋಲ್ ತೀರುವವರೆಗೂ ಅಲ್ಲೇ ಕೂತಿದ್ದೆ.

ನಮ್ಮ ಅಳಿಯ ಕುಷ್ಟಗಿಯ ಕಡೆ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಮೆಕ್ಯಾನಿಕಲ್ ಕಲಿಸುತ್ತಾರೆ. ಮಗಳನ್ನು ಕರೆದುಕೊಂಡು ಬಂದಾಗ ಎಂಜಿನ್ ಓಡಿಸಿ ತೋರಿಸಿದೆ. ಮಂಡಿಯೂರಿ ಕೂತು ನೋಡಿದರು.

"ಮಾವಾರ, ಇದನ್ನ ನಮ್ಮ ಹುಡುಗ್ರಿಗೆ ತೋರಸ್ಬೇಕ್ರಿ. ಬರೇ ಪುಸ್ತಕದಾಗಿನ ಚಿತ್ರ ನೋಡಿ ಪಾಸಾಗ್ತಾರ."

"ಒಯ್ರಿ ಅಳ್ಯಾರ. ಎಣ್ಣಿ ಹಾಕದ ಮಾತ್ರ ಓಡಸ್ಬ್ಯಾಡ್ರಿ."

ಹಳೆಯ ದುಪ್ಪಟಿಯಲ್ಲಿ ಸುತ್ತಿ, ಅವರ ಕಾರಿನ ಹಿಂದಿನ ಸೀಟಿನಲ್ಲಿ ನಾನೇ ಇಟ್ಟೆ. ಆಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ "ಛಲೋ ಐತ್ರಿ" ಎನ್ನುತ್ತಿದ್ದರು. ಅಳಿಯನನ್ನು ಹೆಚ್ಚು ಕೆದಕುವುದು ಹೇಗೆ? ಬಿಟ್ಟೆ.

ಮೊಮ್ಮಗಳ ಹುಟ್ಟುಹಬ್ಬಕ್ಕೆ ನಾವಿಬ್ಬರೂ ಕುಷ್ಟಗಿಗೆ ಹೋದಾಗ, ಅಳಿಯ ತಾವಾಗಿಯೇ ನನ್ನನ್ನು ಕಾಲೇಜಿಗೆ ಕರೆದೊಯ್ದರು. ಪ್ರಯೋಗಾಲಯದ ನಡುವೆ ಗಾಜಿನ ಪೆಟ್ಟಿಗೆ. ಅದರೊಳಗೆ ನನ್ನ ಎಂಜಿನ್. ಸಿಲಿಂಡರನ್ನು ಉದ್ದಕ್ಕೆ ಕೊಯ್ದು ಅರ್ಧ ತೆಗೆದಿದ್ದರು. ಪಿಸ್ಟನ್ನಿನ ಕಾಲುಭಾಗ ಇರಲಿಲ್ಲ. ಕೊಯ್ದ ಅಂಚುಗಳಿಗೆ ಕೆಂಪು ಬಣ್ಣ, ಸಿಲಿಂಡರ್ ತಣಿಸುವ ನೀರು ನಿಲ್ಲುವ ಕಡೆ ನೀಲಿ ಬಣ್ಣ. ಪಕ್ಕದಲ್ಲಿ ತಿರುಗಿಸಲು ಒಂದು ಹಿಡಿಕೆ.

ಅಳಿಯ ಹಿಡಿಕೆ ತಿರುಗಿಸಿದರು. ಉಳಿದ ಪಿಸ್ಟನ್ ಸದ್ದಿಲ್ಲದೆ ಮೇಲೆ ಕೆಳಗೆ ಆಡಿತು.

"ಒಳಗಿಂದೆಲ್ಲಾ ಹೆಂಗ ಕಾಣ್ತೈತಿ ನೋಡ್ರಿ ಮಾವಾರ!"

"ಇನ್ನ ಓಡಂಗಿಲ್ಲೇನ್ರಿ?"

"ಓಡಂಗಿಲ್ರಿ. ಓಡೂ ಎಂಜಿನ್ ಊರತುಂಬ ಅದಾವಲ್ರಿ. ಹುಡುಗ್ರಿಗೆ ಇಂಥಾದ ಬೇಕಾಗಿತ್ತು."

"ಕೊಯ್ಯೂಮುಂದ ನನಗೊಂದ ಮಾತು ಕೇಳಬಾರದಿತ್ತೇನ್ರಿ?"

ಅವರ ಮುಖ ಸಣ್ಣಗಾಯಿತು. "ಅತ್ತಿಯಾರ್ನ ಕೇಳಿದ್ನೆಲ್ರಿ. ಫೋನ್ ಮಾಡಿದಾಗ ನೀವು ಮನ್ಯಾಗ ಇರಲಿಲ್ಲ. ಹೂಂ ಅಂದ್ರು. ನಿಮಗ ಹೇಳಿರ್ತಾರ ಅನ್ಕೊಂಡಿದ್ದೆ."

ಮೊಮ್ಮಗಳ ಕೇಕು ತಿಂದು, ಮಗಳಿಗೆ ಏನೂ ತೋರಗೊಡದೆ ಬಸ್ಸು ಹತ್ತಿದೆವು. ಮನೆಯ ಬೀಗ ತೆಗೆದ ಮೇಲೆ ಕೇಳಿದೆ.

"ಕೇಳಿದ್ರು, ಹೂಂ ಅಂದೆ" ಎಂದಳು ಹೆಂಡತಿ. "ಮದುವಿಯಾದಾಗಿಂದ ಅಳ್ಯಾರು ಬಾಯಿಬಿಟ್ಟು ಏನೂ ಕೇಳಿಲ್ಲ. ಒಂದ ಕಬ್ಬಿಣದ ಸಾಮಾನಿಗೆ ಒಲ್ಲೆ ಅನ್ನಲೇನು?"

"ಅದನ್ನ ಕೊಯ್ತಾರಂತ ನಿನಗ ಗೊತ್ತಿತ್ತು."

"ಗೊತ್ತಿತ್ತು. ಓಡಿದ್ದು ನೋಡಿದ್ರೆಲ್ಲ? ಇನ್ನೇನು ಆಗಬೇಕಾಗಿತ್ತು ಅದರಿಂದ? ನೀರು ಎತ್ತತಿತ್ತೇನು, ಹಿಟ್ಟು ಬೀಸತಿತ್ತೇನು?" ಚಪ್ಪಲಿ ಬಿಟ್ಟು ಒಳಗೆ ಹೊರಟವಳು ತಿರುಗಿ ನಿಂತಳು. "ನೀವು ಆ ಶೆಡ್ಡಿನ್ಯಾಗ ಕುಂತ ವರ್ಷಗಟ್ಲೆ ನಾ ಇಲ್ಲೆ ಒಬ್ಬಾಕೀನ ಇದ್ದೆ. ಅದನ್ನ ಒಮ್ಮೆರ ಕೇಳೀರೇನು?"

ಅವಳು ಅಳಿಯನ ಮರ್ಯಾದೆಗಾಗಿ ಹೂಂ ಎಂದಳೋ, ಅಥವಾ ಆ ಯಂತ್ರದ ಮೇಲಿನ ಸಿಟ್ಟಿಗೋ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಕೇಳಿಯೂ ಇಲ್ಲ. ಒಂದೇ ಮನೆಯಲ್ಲಿ ಇದ್ದೇವೆ. ಚಹಾ ಕೊಡುತ್ತಾಳೆ, ಕುಡಿಯುತ್ತೇನೆ.

ಹೊಸ ಸಿಲಿಂಡರ್ ಮಾಡಲು ಒಮ್ಮೆ ಕೂತೆ. ತುಂಡನ್ನು ಲೇತಿಗೆ ಕಟ್ಟಿ ಸ್ವಿಚ್ ಹಾಕಿದೆ. ಸಿಲಿಂಡರು ಮುಗಿದರೆ ಪಿಸ್ಟನ್ನು, ಆಮೇಲೆ ಮತ್ತೆ ಆ ರಿಂಗುಗಳು ಎಂದು ನೆನೆದರೆ ಕೈ ಮುಂದೆ ಹೋಗಲಿಲ್ಲ. ಸ್ವಿಚ್ ಆರಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಲೇತಿಗೆ ತುಕ್ಕು ಹಿಡಿಯಿತು. ಎಣ್ಣೆ ಸವರಬೇಕಿತ್ತು, ಸವರಲಿಲ್ಲ.

ಈಚೆಗೆ ಯಲಬುರ್ಗಾದಲ್ಲಿ ನೆಂಟರ ಮದುವೆ. ಅಳಿಯ ತಮ್ಮ ಕಾಲೇಜಿನವರನ್ನು ಕರೆತಂದು, "ನಮ್ಮ ಲ್ಯಾಬಿನ ಮಾಡೆಲ್ ಮಾಡಿದವರು ಇವರ ನೋಡ್ರಿ, ನಮ್ಮ ಮಾವಾರು" ಎಂದು ಪರಿಚಯ ಮಾಡಿಕೊಟ್ಟರು. ಅಳಿಯನ ಮುಖದಲ್ಲಿದ್ದದ್ದು ನಿಜವಾದ ಹೆಮ್ಮೆ. ಸುಳ್ಳಾಗಿದ್ದರೆ ಒಳಗೊಳಗೇ ಬೈದುಕೊಳ್ಳಲಾದರೂ ಆಗುತ್ತಿತ್ತು. ಬಂದವರಲ್ಲೊಬ್ಬರು, "ಭಾಳ ಉಪಯೋಗ ಆಗೇತ್ರಿ ಹುಡುಗ್ರಿಗೆ" ಎಂದರು. ಕೈ ಮುಗಿದೆ. ಊಟಕ್ಕೆ ಎಬ್ಬಿಸಿದರು, ಹೋಗಿ ಸಾಲಿನಲ್ಲಿ ಕೂತೆ.