ಹೃದಯದ ಆಪರೇಷನ್ ಎಂದು ಹೇಳಿದ್ದೆ

ನನ್ನ ತಮ್ಮ ಹುಟ್ಟಿದ ಎರಡನೆಯ ದಿನವೇ ಹಸಿರು ಹಸಿರಾಗಿ ವಾಂತಿ ಮಾಡತೊಡಗಿದ. ಹೊಟ್ಟೆ ಉಬ್ಬಿ ಬಿಗಿದುಕೊಂಡಿತ್ತು. ಹುಟ್ಟಿದ ಮಕ್ಕಳು ಮೊದಲ ದಿನ ಕಪ್ಪಗೆ ಮಾಡುವ ಮಲವನ್ನು ಅವನು ಮಾಡಿಯೇ ಇರಲಿಲ್ಲ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ಒಂದಾದ ನಮ್ಮ ಲೈನ್ ಮನೆಯಲ್ಲಿ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಬಟ್ಟೆ ಬಿಡಿಸಿ ನೋಡಿ, ಇದು ನನ್ನ ಕೈಲಾಗುವ ಕೆಲಸವಲ್ಲ ಎಂದಳು. ಗಣಿಯೊಳಗೆ ಕೆಲಸಕ್ಕಿದ್ದ ಅಪ್ಪ ಅಂದಿನ ಶಿಫ್ಟು ಬಿಟ್ಟು, ಹಸಿ ಬಾಣಂತಿಯನ್ನೂ ಮಗುವನ್ನೂ ಜಟಕಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ.

ಮಗುವಿನ ಕರುಳಿನಲ್ಲಿ ಒಂದು ಕಡೆ ದಾರಿಯೇ ಮುಚ್ಚಿಕೊಂಡಿದೆ, ಅಷ್ಟನ್ನು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿಯಬೇಕು ಎಂದರು ಡಾಕ್ಟರು. ಉಳಿಯುತ್ತಾನಾ ಎಂದು ಅಪ್ಪ ಕೇಳಿದ. "ಹೊಲಿಯೋದು ನನ್ನ ಕೆಲಸ. ಆಮೇಲೆ ಮಗು ತಾನಾಗಿ ಮಲ ಮಾಡಬೇಕು. ಮಾಡಿದರೆ ಉಳೀತು ಅಂತ ತಿಳ್ಕೊಳ್ಳಿ" ಎಂದರಂತೆ. ಶುಕ್ರವಾರ ಆಪರೇಷನ್ ಆಯಿತು. ಅವನಿಗೆ ಆಗ ಮೂರು ದಿನ, ನನಗೆ ಒಂಬತ್ತು ವರ್ಷ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅಷ್ಟು ಚಿಕ್ಕ ಮಗುವಿನ ಹೊಟ್ಟೆ ಕೊಯ್ಯುತ್ತಾರೆಂಬುದನ್ನು ನಮ್ಮ ಲೈನಿನಲ್ಲಿ ಯಾರೂ ಕೇಳಿರಲಿಲ್ಲ.

ನನ್ನನ್ನು ಬಂಗಾರಪೇಟೆಯಲ್ಲಿದ್ದ ಅಜ್ಜಿಯ ಮನೆಗೆ ಕಳಿಸಿದರು. ಅಜ್ಜಿ, ಅಂದರೆ ಅಪ್ಪನ ತಾಯಿ, ದಿನಾ ಬೆಳಗಿನ ರೈಲಿಗೆ ಅಮ್ಮನ ಊಟ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ, ಮಧ್ಯಾಹ್ನದ ರೈಲಿಗೆ ಹಿಂತಿರುಗುತ್ತಿದ್ದಳು. ಅವಳು ಬೀದಿಯ ತುದಿಯಲ್ಲಿ ಕಂಡ ಕೂಡಲೇ ಎದುರುಮನೆಯ ಹೆಂಗಸು ಜಗಲಿಯಿಂದಲೇ ಕೂಗುತ್ತಿದ್ದಳು. "ಮಗ ಕಕ್ಕ ಮಾಡ್ತೇನಕ್ಕಾ?" ಅಜ್ಜಿ ಅಷ್ಟೇ ಜೋರಾಗಿ, "ಇಲ್ಲ ಕಣಮ್ಮಾ, ಇನ್ನೂ ಮಾಡಿಲ್ಲ" ಎನ್ನುವಳು. ನನಗೆ ನಾಚಿಕೆಯಿಂದ ಬಾಗಿಲ ಹಿಂದೆ ಅಡಗಿಕೊಳ್ಳುವ ಹಾಗಾಗುತ್ತಿತ್ತು. ಆ ಬೀದಿಯಲ್ಲಿ ನಮ್ಮ ಚರ್ಚಿನವರು ಯಾರೂ ಇರಲಿಲ್ಲ, ಅದೊಂದೇ ನನ್ನ ಪುಣ್ಯ.

ನಮ್ಮ ಚರ್ಚು ಇದ್ದುದೂ ಬಂಗಾರಪೇಟೆಯಲ್ಲೇ, ವಾರವಾರ ನಾವು ರೈಲಿನಲ್ಲಿ ಅಲ್ಲಿಗೇ ಬರುತ್ತಿದ್ದೆವು. ಈ ಭಾನುವಾರ ನಾನೊಬ್ಬಳೇ ಸಂಡೇ ಸ್ಕೂಲಿಗೆ ಹೋದೆ. ಯಾರಿಗಾಗಿ ಪ್ರಾರ್ಥನೆ ಮಾಡಬೇಕು ಎಂದು ಟೀಚರು ಕೇಳುವುದು ಪದ್ಧತಿ. ತಮ್ಮನಿಗೆ ಆಪರೇಷನ್ ಆಗಿದೆ ಎಂದೆ. "ಅಯ್ಯೋ, ಎಲ್ಲಿಗಮ್ಮಾ?" ಎಂದರು. ಹಿಂದಿನ ಸಾಲಿನ ಹುಡುಗರು ಆಗಲೇ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಕರುಳು ಎಂದರೆ ಯಾಕೆ ಏನು ಎಂದು ಕೇಳುತ್ತಾರೆ, ಕೇಳಿದರೆ ಆ ಮಾತು ಬಾಯಿಬಿಟ್ಟು ಹೇಳಬೇಕು. ಆಮೇಲೆ ನಾನು ಮದುವೆಯಾಗಿ ಬೇರೆ ಊರಿಗೆ ಹೋಗುವತನಕ ಆ ಹುಡುಗರು ನನ್ನನ್ನು ಅದೇ ಹೆಸರಿನಲ್ಲಿ ಕರೆಯುತ್ತಾರೆ.

"ಹೃದಯಕ್ಕೆ, ಟೀಚರ್" ಎಂದುಬಿಟ್ಟೆ.

ನಮ್ಮ ಚರ್ಚಿನಲ್ಲಿ ಹೃದಯಕ್ಕೆ ಇದ್ದ ಮರ್ಯಾದೆ ಬೇರೆ ಯಾವ ಅಂಗಕ್ಕೂ ಇರಲಿಲ್ಲ. ಹಾಡಿನಲ್ಲಿ ಹೃದಯ, ಪಾದ್ರಿಯ ಪ್ರಸಂಗದಲ್ಲಿ ಹೃದಯ. ಕರುಳನ್ನು ಕೇಳುವವರೇ ಇಲ್ಲ. ಟೀಚರ ಕಣ್ಣು ತುಂಬಿ ಬಂತು. ಮಕ್ಕಳೆಲ್ಲ ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು. ಟೀಚರು ಹೋಗಿ ಅಯ್ಯನವರಿಗೆ ಹೇಳಿದರು. ಸಭೆಯ ಪಾದ್ರಿಯನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರು ದೊಡ್ಡವರ ಆರಾಧನೆಯಲ್ಲಿ ಆ ಎಳೆಯ ಹೃದಯಕ್ಕಾಗಿ ಎಷ್ಟು ಚೆನ್ನಾಗಿ ಪ್ರಾರ್ಥಿಸಿದರೆಂದರೆ, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಗೆ ಬಂದಾಗ ಯಾರೋ ನನ್ನ ಕೈಗೆ ಪೆಪ್ಪರಮೆಂಟು ಕೊಟ್ಟರು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಗಿತ್ತು.

ಸೋಮವಾರ ತಮ್ಮ ಮಲ ಮಾಡಲಿಲ್ಲ. ಮಂಗಳವಾರವೂ ಇಲ್ಲ. ಹೊಟ್ಟೆ ಮತ್ತೆ ಉಬ್ಬುತ್ತಿದೆ ಎಂದಳು ಅಜ್ಜಿ. ಅವನಿಗೆ ಒಂದು ತೊಟ್ಟು ಹಾಲೂ ಕೊಡುವಂತಿರಲಿಲ್ಲ, ಸೂಜಿ ಚುಚ್ಚಿ ನೀರು ಏರಿಸುತ್ತಿದ್ದರು. ಆಗ ನನಗೆ ಭಯ ಶುರುವಾಯಿತು. ಬಂಗಾರಪೇಟೆಗೆ ಬರೆದ ಕಾಗದಕ್ಕೆ ಬೂದಿಕೋಟೆಯ ವಿಳಾಸ ಹಾಕಿದ ಹಾಗೆ ಮಾಡಿಬಿಟ್ಟಿದ್ದೇನೆ ಎನಿಸಿತು. ತಮ್ಮನ ಹೃದಯ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಇಡೀ ಸಭೆಯ ಪ್ರಾರ್ಥನೆ ಅಲ್ಲಿಗೆ ಹೋಗಿ ಕೆಲಸವಿಲ್ಲದೆ ಕೂತಿದೆ. ಕೆಲಸ ಇದ್ದ ಕಡೆಗೆ ಯಾರೂ ಹೋಗಿಲ್ಲ. ಅವನು ಸತ್ತರೆ ಕೊಂದವಳು ನಾನೇ.

ಬುಧವಾರ ಅಜ್ಜಿ ಬಂದವಳು ಎದುರುಮನೆಯವಳಿಗೆ ಉತ್ತರವನ್ನೂ ಕೊಡದೆ ಒಳಗೆ ಬಂದು ಕೂತಳು. ನಾಳೆಯೊಳಗೆ ಆಗದಿದ್ದರೆ ಮತ್ತೆ ಹೊಟ್ಟೆ ಬಿಚ್ಚಬೇಕು, ಎರಡನೆಯ ಸಲಕ್ಕೆ ಮಗು ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನಾನು ಅವಳ ಮುಂದೆ ನಿಂತು ಎಲ್ಲವನ್ನೂ ಒದರಿಬಿಟ್ಟೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡುತ್ತ ಕೇಳಿದಳು.

"ಎಷ್ಟ್ ಜನ ಪ್ರಾರ್ಥನೆ ಮಾಡಿದ್ರು?"

"ಎಲ್ಲಾರೂ."

"ಸಾಯಂಕಾಲ ಪ್ರಾರ್ಥನೆ ಕೂಟ ಐತೆ. ಬಾ. ನೀನೇ ಎದ್ದು ನಿಂತ್ಕಂಡು ಏನಾಗೈತೆ ಅಂತ ಸರಿಯಾಗಿ ಏಳು."

"ದೇವ್ರಿಗೆ ಗೊತ್ತಿರಲ್ವಾ ಅಜ್ಜಿ, ಎಲ್ಲಿಗೆ ಆಪರೇಷನ್ ಅಂತ?" ಎಂದೆ. ತಪ್ಪಿಸಿಕೊಳ್ಳಲು ನನಗೆ ಅದೊಂದೇ ದಾರಿ ಉಳಿದಿತ್ತು.

"ದೇವ್ರಿಗೆ ಗೊತ್ತೈತೆ ಕಣೇ. ಅವ್ರಿಗೆ ಗೊತ್ತಿಲ್ವಲ್ಲ. ಅಷ್ಟ್ ಜನ ನಿನ್ ಮಾತು ನಂಬ್ಕಂಡು ಮಂಡಿ ಊರವ್ರೆ."

ಕೂಟ ನಡೆಯುತ್ತಿದ್ದುದು ರೈಲ್ವೆ ಕ್ವಾರ್ಟರ್ಸಿನ ಒಂದು ಮನೆಯಲ್ಲಿ. ಚಾಪೆಯ ಮೇಲೆ ಇಪ್ಪತ್ತು ಜನ ಕೂತಿದ್ದರು, ಟೀಚರೂ ಇದ್ದರು. ನಾನು ಎದ್ದು ನಿಂತೆ. "ನನ್ನ ತಮ್ಮನಿಗೆ ಆಗಿದ್ದು ಹೃದಯದ ಆಪರೇಷನ್ ಅಲ್ಲ, ಕರುಳಿಂದು. ನಾನು ಸುಳ್ಳು ಹೇಳಿದ್ದೆ. ಅವನು ಕಕ್ಕ ಮಾಡಿದ್ರೆ ಬದುಕ್ತಾನೆ. ಐದು ದಿನದಿಂದ ಮಾಡಿಲ್ಲ" ಎಂದೆ. ಯಾರೋ ಕಿಸಕ್ಕೆಂದರು. ಟೀಚರು ತಲೆ ತಗ್ಗಿಸಿದರು. ಅಯ್ಯನವರು ಕಣ್ಣು ಮುಚ್ಚಿ, "ಕರ್ತನೇ, ಈ ಶಿಶುವಿನ ಅಂತರಂಗದ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಗ್ರಂಥದ ಭಾಷೆ ಬಿಟ್ಟು ಬೇರೆಯದರಲ್ಲಿ ಪ್ರಾರ್ಥಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಗೋಡೆಗೊರಗಿ ಕೂತಿದ್ದ ಅಜ್ಜಿ, "ಇರೋದ್ನ ಇದ್ದಂಗೇ ಕೇಳಿ ಅಯ್ಯಾ, ಮಗ ಅಲ್ಲಿ ಸಾಯ್ತಾ ಐತೆ" ಎಂದಳು. ಅವರು ಕಣ್ಣು ತೆರೆದು ಅವಳನ್ನು ನೋಡಿದರು. ಮತ್ತೆ ಕಣ್ಣು ಮುಚ್ಚಿ, "ಸ್ವಾಮಿ, ಮಗು ಕಕ್ಕ ಮಾಡಲಿ" ಎಂದರು. ಈ ಸಲ ಯಾರೂ ನಗಲಿಲ್ಲ, ಎಲ್ಲರೂ ಆಮೆನ್ ಎಂದರು.

ಮರುದಿನ ಅಜ್ಜಿಯ ಜೊತೆ ನಾನೂ ಗಣಿಯ ಊರಿಗೆ ಹೋಗುವ ಮಾರಿಕುಪ್ಪಂ ಕಡೆಯ ರೈಲು ಹತ್ತಿದೆ. ಆಸ್ಪತ್ರೆಯ ಗೇಟಿನಲ್ಲೇ ಅಪ್ಪ ನಿಂತಿದ್ದ. ಗಡ್ಡ ಬೆಳೆದ ಮುಖವೆಲ್ಲ ನಗು.

"ಮಾಡ್ದ ಕಣವ್ವಾ!"

ನನ್ನ ಪ್ರಾರ್ಥನೆಯೇ, ನಾನು ಎದ್ದು ನಿಂತು ಸರಿಪಡಿಸಿದ ಪ್ರಾರ್ಥನೆಯೇ ಎಂದು ಎದೆಯುಬ್ಬಿಸಿಕೊಂಡು, "ನಿನ್ನೆ ಸಾಯಂಕಾಲ ಅಲ್ವೇನಪ್ಪಾ?" ಎಂದೆ.

"ಇಲ್ಲ ಕಣೇ, ನಿನ್ನೆ ಮಧ್ಯಾಹ್ನಾನೇ. ಅಜ್ಜಿ ಅತ್ಲಾಗೆ ಓದ್ಲು, ಇವ್ನು ಇತ್ಲಾಗೆ ಮಾಡ್ದ."

ನನ್ನ ಎದೆ ಇಳಿದುಹೋಯಿತು. ನಾನು ಅಜ್ಜಿಯ ಮುಂದೆ ಬಾಯಿಬಿಡುವ ಮೊದಲೇ, ಎಲ್ಲರ ಪ್ರಾರ್ಥನೆಯೂ ಇನ್ನೂ ಹೃದಯದ ಮೇಲೇ ಇದ್ದಾಗ, ಅವನು ತನ್ನ ಕೆಲಸ ಮುಗಿಸಿದ್ದ. ಹಾಗಾದರೆ ಯಾರ ಪ್ರಾರ್ಥನೆ ಎಲ್ಲಿಗೆ ತಲುಪಿತು? ಆಮೇಲೆ ಎಷ್ಟೋ ವರ್ಷ ಇದನ್ನು ನಾನು ಒಬ್ಬೊಬ್ಬ ಪಾದ್ರಿಯನ್ನೂ ಕೇಳಿದ್ದೇನೆ. ಎಲ್ಲರ ಹತ್ತಿರವೂ ಉತ್ತರ ಇತ್ತು. ನನಗೆ ಯಾವುದೂ ಹಿಡಿಸಲಿಲ್ಲ. ಹೊಲಿಗೆ ಗಟ್ಟಿಯಾಗಿತ್ತು ಎಂದು ಸುಮ್ಮನಾಗಲೂ ನನ್ನಿಂದ ಆಗಿಲ್ಲ.

ಅಮ್ಮ ವಾರ್ಡಿನ ಹೊರಗೆ ವೆರಾಂಡದಲ್ಲಿ ಕೂತಿದ್ದಳು. ತಲೆ ಬಾಚಿ ವಾರವಾಗಿತ್ತು. ತೊಡೆಯ ಮೇಲೆ ತಮ್ಮನ ಕಕ್ಕದಿಂದ ಕಲೆಯಾದ ಒಂದು ಬಟ್ಟೆಯ ತುಂಡು ಇತ್ತು, ಒಗೆಯಲು ಆಯಾಗೆ ಕೊಟ್ಟಿರಲಿಲ್ಲವಂತೆ. ಅಮ್ಮ ನಗುತ್ತಿರುತ್ತಾಳೆ ಎಂದುಕೊಂಡು ನಾನು ಬಂದಿದ್ದೆ. ಅವಳು ತಪ್ಪು ಮಾಡಿದವಳ ಹಾಗೆ ಅಜ್ಜಿಯ ಮುಖ ನೋಡಿದಳು. ನಮ್ಮ ಮನೆಯಲ್ಲಿ ಪ್ರಾರ್ಥನೆ ಎಂದರೆ ಅಮ್ಮ. ಎರಡು ಹೊತ್ತೂ ಮಂಡಿಯೂರದೆ ನಮಗೆ ತಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ.

"ಅತ್ತೇ, ಒಂದ್ ಮಾತು ಏಳ್ತೀನಿ, ಬಯ್ಬೇಡಿ. ಮಗೂನ ಒಳಕ್ಕೆ ತಕಂಡೋದಾಗ್ಲಿಂದ ನಾನು ಒಂದ್ ಸಲಾನೂ ಪ್ರಾರ್ಥನೆ ಮಾಡ್ಲಿಲ್ಲ. ಬಾಯಿಗೇ ಬರ್ಲಿಲ್ಲ. ಬರೀ ಬಟ್ಟೆ ನೋಡ್ಕಂಡು ಕೂತಿದ್ದೆ. ದೇವ್ರು ಇದ್ನ ಮನಸ್ನಾಗೆ ಇಟ್ಕಂಡ್ಬಿಡ್ತಾನೇನೋ ಅಂತ ಭಯ."

ಅಜ್ಜಿ ಊಟದ ಗಂಟನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನೀನು ಬಟ್ಟೆ ನೋಡ್ಕಂಡಿರು. ನಿನ್ ಪಾಲಿಂದು ನಾವ್ ಮಾಡೀವಿ. ತಪ್ಪೋ ಸರಿಯೋ, ಇಡೀ ಸಭೆ ಕೂತ್ಕಂಡು ಮಾಡೀವಿ."

ಆಸ್ಪತ್ರೆಗೆ ಬಂದಂದಿನಿಂದ ಅಮ್ಮ ಒಮ್ಮೆಯೂ ಅತ್ತಿರಲಿಲ್ಲ ಎಂದು ಅಪ್ಪ ಆಮೇಲೆ ಹೇಳಿದ. ಈಗ ಅವಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅತ್ತಳು.